ಟಾರ್ಕಿಯಲ್ಲಿ ಒಂದು ದಿನ: ಅಗಾಥಾ ಕ್ರಿಸ್ಟಿ ಉತ್ಸವಕ್ಕೆ ಹೊರಟವರಿಗೊಂದು ಕೈಪಿಡಿ

ಪತ್ತೇದಾರಿ ಕಾದಂಬರಿಯ ಹುಚ್ಚು ಹತ್ತಿದವರು ಸೆಪ್ಟೆಂಬರ್‌ನಲ್ಲಿ ಒಮ್ಮೆಯಾದರೂ ಹೋಗಿ ಬರಬೇಕಾದ ಊರು ಟಾರ್ಕಿ. ಇಂಗ್ಲೆಂಡಿನ ನೈಋತ್ಯಕ್ಕೆ, ಡೆವನ್ ಕೌಂಟಿಯಲ್ಲಿರುವ ಕಡಲೂರು. ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1890ರ ಸೆಪ್ಟೆಂಬರ್ 15ರಂದು ಹುಟ್ಟಿದ್ದು ಇಲ್ಲೇ. ಆ ಹುಟ್ಟುಹಬ್ಬದ ಆಸುಪಾಸಿನಲ್ಲಿ ‘ಇಂಟರ್‌ನ್ಯಾಷನಲ್ ಅಗಾಥಾ ಕ್ರಿಸ್ಟಿ ಫೆಸ್ಟಿವಲ್’ ನಡೆಯುತ್ತದೆ. ಉಪನ್ಯಾಸ, ಲೇಖಕರ ಜೊತೆ ಮಾತುಕತೆ, ನಾಟಕ, ಊರು ತೋರಿಸುವ ನಡಿಗೆ, ಸಂಜೆಯಾದರೆ ಊಟದ ಮಧ್ಯೆ ಒಂದು ‘ಕೊಲೆ’. ಲಂಡನ್, ರೆಡಿಂಗ್, ಬ್ರಿಸ್ಟಲ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಇದು ವಾರಾಂತ್ಯದ ದಾರಿ. ಮಕ್ಕಳ ಮನೆಗೆಂದು ಊರಿಂದ ಬಂದ ಅಪ್ಪ-ಅಮ್ಮನನ್ನೂ ಧಾರಾಳವಾಗಿ ಕರೆದೊಯ್ಯಬಹುದು, ಒಂದೆರಡು ಏರುದಾರಿಗಳನ್ನು ಬಿಟ್ಟುಬಿಟ್ಟರೆ.

ಮೊದಲೇ ಒಂದು ಮಾತು. ಉತ್ಸವ ಎಂದಾಕ್ಷಣ ಬೆಳಿಗ್ಗೆಯಿಂದ ರಾತ್ರಿವರೆಗೆ ಸಾಲುಸಾಲಾಗಿ ಟಿಕೆಟ್ ತೆಗೆದು ಸಭಾಂಗಣದಲ್ಲೇ ಕೂರುವವರಿದ್ದಾರೆ. ನನ್ನ ಸಲಹೆ ಅದಕ್ಕೆ ತದ್ವಿರುದ್ಧ. ಹಗಲಿಗೆ ಒಂದು ಕಾರ್ಯಕ್ರಮ, ಮನಸ್ಸಿದ್ದರೆ ಸಂಜೆಗೆ ಇನ್ನೊಂದು. ಉಳಿದ ಹೊತ್ತೆಲ್ಲ ಊರಿಗೆ. ಕ್ರಿಸ್ಟಿ ವಿಷಗಳ ಬಗ್ಗೆ ಕಲಿತದ್ದು ಈ ಊರಿನ ಆಸ್ಪತ್ರೆಯಲ್ಲಿ, ಅವರ ಕಥೆಗಳ ಪತ್ತೇದಾರ ಪೊಯ್ರೋಗೆ ಮೂಲವಾದ ಬೆಲ್ಜಿಯನ್ ನಿರಾಶ್ರಿತರನ್ನು ಕಂಡದ್ದು ಈ ಊರಿನ ಬೀದಿಯಲ್ಲಿ. ಉಪನ್ಯಾಸದ ವಿಡಿಯೊ ಮನೆಯಲ್ಲೂ ಸಿಕ್ಕೀತು, ಊರು ಸಿಗುವುದಿಲ್ಲ.

ಟಿಕೆಟ್ ತೆಗೆಯುವ ಮುನ್ನ

ದಿನಾಂಕ, ಜಾಗ, ಕಾರ್ಯಕ್ರಮದ ಸ್ವರೂಪ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಾಗಾಗಿ ಹಳೆಯ ವರ್ಷದ ಪಟ್ಟಿ ನೋಡಿ ರಜೆ ಹಾಕಬೇಡಿ. ಉತ್ಸವದವರದೇ ಪುಟದಲ್ಲಿ ಆ ಸಾಲಿನ ಪಟ್ಟಿ ಬಂದ ಮೇಲೆ ಮೊದಲು ನೋಡಬೇಕಾದದ್ದು ಯಾವ ಕಾರ್ಯಕ್ರಮ ಎಲ್ಲಿ ಎಂಬುದನ್ನು. ಊರೊಳಗಿನದ್ದು ಯಾವುದು, ಡಾರ್ಟ್ ನದಿಯ ದಂಡೆಯಲ್ಲಿರುವ ಕ್ರಿಸ್ಟಿಯವರ ಗ್ರೀನ್‌ವೇ ಮನೆಯಲ್ಲಿ ಯಾವುದು, ಪಕ್ಕದ ಪೇನ್ಟನ್‌ನಲ್ಲಿ ಯಾವುದು ಎಂದು ಬೇರೆ ಮಾಡಿಕೊಳ್ಳಿ. ಹನ್ನೊಂದಕ್ಕೆ ಊರಲ್ಲಿ ಒಂದು, ಒಂದು ಗಂಟೆಗೆ ಗ್ರೀನ್‌ವೇಯಲ್ಲಿ ಇನ್ನೊಂದು ಎಂದು ಟಿಕೆಟ್ ತೆಗೆದರೆ ದಿನವೆಲ್ಲ ಬಸ್ ಸ್ಟಾಪಿನಲ್ಲೇ ಕಳೆಯುತ್ತದೆ.

ಹೆಸರಾಂತ ನಟರೋ ಲೇಖಕರೋ ಬರುವ ಸಭೆಗಳ ಟಿಕೆಟ್ ಬೇಗ ಖಾಲಿಯಾಗುತ್ತದೆ. ಆದರೆ ನನ್ನನ್ನು ಕೇಳಿದರೆ, ಅವಕ್ಕಿಂತ ಸೊಗಸು ಸಣ್ಣ ಕೋಣೆಯ ಸಭೆಗಳದು. ಔಷಧಶಾಸ್ತ್ರ ಬಲ್ಲವರೊಬ್ಬರು ಕಾದಂಬರಿಯ ವಿಷಗಳ ಬಗ್ಗೆ ಮಾತಾಡುತ್ತಾರೆ ಎಂದಿದ್ದರೆ ಕಣ್ಣುಮುಚ್ಚಿ ಅದಕ್ಕೇ ಹೋಗಿ. ನಟರು ಚಿತ್ರೀಕರಣದ ತಮಾಷೆ ಹೇಳಿ ನಗಿಸುತ್ತಾರೆ, ಇವರು ಕಥೆ ಹೇಗೆ ಕಟ್ಟಿದ್ದಾರೆಂದು ಬಿಚ್ಚಿ ತೋರಿಸುತ್ತಾರೆ.

ತಂಗುವ ಕೋಣೆಯನ್ನು ಟಿಕೆಟ್ ಜೊತೆಗೇ ಕಾದಿರಿಸಿ. ಶಾಲೆಗಳು ಶುರುವಾಗಿರುವುದರಿಂದ ಆಗಸ್ಟ್‌ನಷ್ಟು ನೂಕುನುಗ್ಗಲು ಇರುವುದಿಲ್ಲ, ನಿಜ. ಆದರೂ ಕಡಲ ದಂಡೆಯ ಹತ್ತಿರದ ಗೆಸ್ಟ್‌ಹೌಸ್‌ಗಳಿಗೆ ಬೇಡಿಕೆ ಇದ್ದೇ ಇರುತ್ತದೆ. ಟಾರ್ಕಿ ಗುಡ್ಡದ ಮೇಲೆ ಗುಡ್ಡ ಕಟ್ಟಿದ ಊರು. ಮ್ಯಾಪಿನಲ್ಲಿ ಐದು ನಿಮಿಷ ಎಂದು ತೋರಿಸುವ ಜಾಗ ಮಂಡಿ ನೋವಿರುವವರಿಗೆ ಕಾಲು ಗಂಟೆಯ ಏರು. ಹಿರಿಯರು ಜೊತೆಗಿದ್ದರೆ ರೈಲು ನಿಲ್ದಾಣ ಮತ್ತು ಬಂದರಿನ ನಡುವಿನ ಸಮತಟ್ಟು ಪಟ್ಟಿಯಲ್ಲೇ ಉಳಿದುಕೊಳ್ಳಿ.

ಏನು ಓದಿಕೊಂಡು ಹೋಗಬೇಕು

ಕ್ರಿಸ್ಟಿ ಬರೆದ ಪತ್ತೇದಾರಿ ಕಾದಂಬರಿಗಳು 66. ಅಷ್ಟನ್ನೂ ಓದಿದವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರ ಜೊತೆ ಪೈಪೋಟಿಗೆ ಇಳಿಯುವ ಅಗತ್ಯವಿಲ್ಲ. ಎರಡು ಓದಿಕೊಂಡರೆ ಸಾಕು.

ಒಂದು, 1932ರ ‘ಪೆರಿಲ್ ಅಟ್ ಎಂಡ್ ಹೌಸ್’. ಕಥೆ ನಡೆಯುವುದು ಕಾರ್ನ್‌ವಾಲ್‌ನಲ್ಲಿ ಎಂದು ಹೇಳಿದ್ದರೂ, ಪೊಯ್ರೋ ಇಳಿದುಕೊಳ್ಳುವ ಮೆಜೆಸ್ಟಿಕ್ ಹೋಟೆಲಿಗೆ ಮಾದರಿ ಟಾರ್ಕಿಯ ಇಂಪೀರಿಯಲ್ ಹೋಟೆಲ್. ಎರಡನೆಯದು ಕ್ರಿಸ್ಟಿ ತೀರಿಕೊಂಡ ಮರುವರ್ಷ, 1977ರಲ್ಲಿ ಬಂದ ಅವರ ಆತ್ಮಕಥೆ. ದಪ್ಪ ಪುಸ್ತಕ. ಬಾಲ್ಯ ಮತ್ತು ಮೊದಲ ಮಹಾಯುದ್ಧದ ಭಾಗ ಓದಿದರೆ ಈ ಪ್ರವಾಸಕ್ಕೆ ಸಾಕಾಗುತ್ತದೆ. ಟೀವಿ ರೂಪಾಂತರ ನೋಡಿ ಹೋಗುವವರಿಗೆ ಒಂದು ಎಚ್ಚರಿಕೆ: ಕೆಲವು ರೂಪಾಂತರಗಳಲ್ಲಿ ಕೊಲೆಗಾರನನ್ನೇ ಬದಲಿಸಿದ್ದಾರೆ. ಅದನ್ನೇ ನಂಬಿ ಸಭೆಯಲ್ಲಿ ಕೈ ಎತ್ತಿ ಮಾತಾಡಿದರೆ ಪಕ್ಕದವರು ನಯವಾಗಿ ತಿದ್ದುತ್ತಾರೆ.

ನಮ್ಮಲ್ಲಿ ಪತ್ತೇದಾರಿ ಎಂದರೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿದ ತಲೆಮಾರು ಇನ್ನೂ ಇದೆ. ಆ ಓಟ, ಆ ವೇಷ ಮರೆಸುವಿಕೆ ಇಲ್ಲಿ ಸಿಗುವುದಿಲ್ಲ. ಇಲ್ಲಿ ಹತ್ತು ಜನ ಒಂದು ಮನೆಯಲ್ಲಿ ಕೂತು ಟೀ ಕುಡಿಯುತ್ತಾರೆ, ಅವರಲ್ಲೊಬ್ಬ ಸುಳ್ಳು ಹೇಳುತ್ತಿರುತ್ತಾನೆ, ಅಷ್ಟೇ. ಮೊದಲ ಐವತ್ತು ಪುಟ ಸಪ್ಪೆ ಎನಿಸಿದರೆ ಬಿಡಬೇಡಿ. ಸುಳಿವುಗಳನ್ನೆಲ್ಲ ಬಚ್ಚಿಟ್ಟಿರುವುದು ಆ ಸಪ್ಪೆ ಮಾತುಗಳಲ್ಲೇ.

ರೈಲು

ಲಂಡನ್ ಪ್ಯಾಡಿಂಗ್ಟನ್‌ನಿಂದ ಟಾರ್ಕಿಗೆ ಮೂರರಿಂದ ಮೂರೂವರೆ ಗಂಟೆ. ಕೆಲವು ರೈಲು ನೇರ, ಹಲವಕ್ಕೆ ನ್ಯೂಟನ್ ಆಬಟ್‌ನಲ್ಲಿ ಬದಲಾಯಿಸಬೇಕು. ಅಡ್ವಾನ್ಸ್ ಟಿಕೆಟ್ ಸಾಮಾನ್ಯವಾಗಿ ಹನ್ನೆರಡು ವಾರ ಮುಂಚೆ ಬಿಡುಗಡೆಯಾಗುತ್ತದೆ, ಆಗಲೇ ತೆಗೆದರೆ ಅಗ್ಗ. ಅಪ್ಪ-ಅಮ್ಮನಿಗೆ 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ನಡೆಯುತ್ತದೆ, ದರದಲ್ಲಿ ಮೂರನೇ ಒಂದು ಭಾಗ ಕಡಿತ. ಲಂಡನ್‌ನಿಂದ ಬೆಳಿಗ್ಗೆ ಹೋಗಿ ರಾತ್ರಿ ಬರುವ ಸಾಹಸ ಬೇಡ. ಹಿಂದಿನ ರಾತ್ರಿಯೇ ಹೋಗಿ ಇಳಿದುಕೊಳ್ಳಿ. ಬ್ರಿಸ್ಟಲ್ ಅಥವಾ ಎಕ್ಸೆಟರ್ ಕಡೆಯವರಿಗೆ ಮಾತ್ರ ಇದು ನಿಜಕ್ಕೂ ಒಂದು ದಿನದ ಕೆಲಸ.

ಹೋಗುವಾಗ ರೈಲಿನ ಎಡಬದಿಯ ಕಿಟಕಿ ಹಿಡಿಯಿರಿ. ಎಕ್ಸೆಟರ್ ದಾಟಿದ ಮೇಲೆ ಮೊದಲು ಎಕ್ಸ್ ನದಿಯ ಅಳಿವೆ, ಆಮೇಲೆ ಡಾಲಿಷ್‌ನಲ್ಲಿ ಹಳಿ ಕಡಲಿನ ತಡೆಗೋಡೆಯ ಮೇಲೆಯೇ ಸಾಗುತ್ತದೆ. ಅಲೆ ಜೋರಿದ್ದರೆ ಕಿಟಕಿ ಗಾಜಿಗೇ ನೀರು ಹಾರುತ್ತದೆ. ಬ್ರುನೆಲ್ ಎಂಬ ಎಂಜಿನಿಯರ್ ಹಾಕಿಸಿದ ದಾರಿ ಇದು. 2014ರ ಫೆಬ್ರವರಿಯ ಬಿರುಗಾಳಿಗೆ ಗೋಡೆ ಕುಸಿದು ಹಳಿ ಗಾಳಿಯಲ್ಲಿ ತೂಗಾಡಿತ್ತು, ಎರಡು ತಿಂಗಳು ರೈಲೇ ಇರಲಿಲ್ಲ. ಹಾಗಾಗಿ ಹವಾಮಾನ ಕೆಟ್ಟ ದಿನ ಹೊರಡುವ ಮುನ್ನ ರೈಲಿನ ಸ್ಥಿತಿ ನೋಡಿಕೊಳ್ಳಿ. ಪಕ್ಕದ ಹಳಿಯ ರೈಲಿನಲ್ಲಿ ಕೊಲೆ ನಡೆಯುವುದನ್ನು ಕಂಡ ಹೆಂಗಸಿನ ಕಥೆ, ‘4.50 ಫ್ರಮ್ ಪ್ಯಾಡಿಂಗ್ಟನ್’, ಈ ಪ್ರಯಾಣಕ್ಕೆ ಹೇಳಿ ಮಾಡಿಸಿದ ಓದು. ಇನ್ನೊಂದು ವಿಷಯ: ಇಳಿಯಬೇಕಾದದ್ದು ‘ಟಾರ್ಕಿ’ ನಿಲ್ದಾಣದಲ್ಲಿ. ಅದಕ್ಕಿಂತ ಒಂದು ನಿಲ್ದಾಣ ಮೊದಲು ‘ಟಾರ್’ ಎಂದು ಬರುತ್ತದೆ. ಗಡಿಬಿಡಿಯಲ್ಲಿ ಅಲ್ಲಿ ಇಳಿದರೆ ಸಾಮಾನು ಎಳೆದುಕೊಂಡು ಬಹಳ ದೂರ ನಡೆಯಬೇಕಾಗುತ್ತದೆ.

ಬೆಳಿಗ್ಗೆ: ಹೋಟೆಲಿನಿಂದ ವಿಷದ ತೋಟಕ್ಕೆ

ನಿಲ್ದಾಣದ ಪಕ್ಕದಲ್ಲೇ ಗ್ರ್ಯಾಂಡ್ ಹೋಟೆಲ್. 1914ರ ಡಿಸೆಂಬರ್ 24ರಂದು ಬ್ರಿಸ್ಟಲ್‌ನಲ್ಲಿ ಅವಸರದ ಮದುವೆ ಮಾಡಿಕೊಂಡ ಅಗಾಥಾ ಮತ್ತು ಆರ್ಚಿ ಕ್ರಿಸ್ಟಿ ಆ ರಾತ್ರಿಯೇ ರೈಲು ಹತ್ತಿ ಬಂದು ತಂಗಿದ್ದು ಇಲ್ಲಿ. ಯುದ್ಧದ ಕಾಲ, ಗಂಡನಿಗೆ ಸಿಕ್ಕಿದ್ದು ಕೆಲವೇ ದಿನದ ರಜೆ. ಹೊರಗಿನಿಂದ ನೋಡಿ ಮುಂದೆ ನಡೆಯಿರಿ.

ಅಲ್ಲಿಂದ ಹುಲ್ಲುಗಾವಲು ದಾಟಿದರೆ ಟಾರ್ ಆಬಿ. 1196ರಲ್ಲಿ ಶುರುವಾದ ಕ್ರೈಸ್ತ ಮಠ, ಈಗ ಮ್ಯೂಸಿಯಂ. ಒಳಗಿನ ಚಿತ್ರಗಳನ್ನು ಬಿಡುವಿದ್ದರೆ ನೋಡಿ. ನೀವು ಇಲ್ಲಿಗೆ ಬರಬೇಕಾದದ್ದು ತೋಟಕ್ಕಾಗಿ. ಕ್ರಿಸ್ಟಿ ಕಥೆಗಳ ವಿಷ ಮತ್ತು ಮದ್ದಿನ ಗಿಡಗಳಿಗೆಂದೇ ಇಲ್ಲಿ ‘ಪೋಟೆಂಟ್ ಪ್ಲಾಂಟ್ಸ್’ ಎಂಬ ತೋಟ ಮಾಡಿದ್ದಾರೆ. ಹತ್ತು ಗಂಟೆಯೊಳಗೆ ಊರು ತಲುಪಿದರೆ ಮೊದಲು ಇಲ್ಲಿಗೇ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಗುಂಪು ಸೇರಿದರೆ ಗಿಡಗಳ ಹೆಸರಿನ ಫಲಕ ಓದಲು ಜನರ ಬೆನ್ನ ಹಿಂದೆ ನಿಲ್ಲಬೇಕಾಗುತ್ತದೆ.

ಈ ತೋಟವನ್ನು ಓಡುತ್ತ ನೋಡಬೇಡಿ. ಫಾಕ್ಸ್‌ಗ್ಲೋವ್ ಗಿಡವನ್ನೇ ತೆಗೆದುಕೊಳ್ಳಿ. ಅದರ ಗಂಟೆಯಂಥ ಹೂವು ಜೂನ್-ಜುಲೈಗೇ ಮುಗಿದಿರುತ್ತದೆ. ಸೆಪ್ಟೆಂಬರ್‌ನಲ್ಲಿ ನೆಲಕ್ಕೆ ಅಂಟಿದಂತೆ ಸುತ್ತ ಹರಡಿದ ಎಲೆಗಳಷ್ಟೇ ಉಳಿದಿರುತ್ತವೆ. ಬೂದುಹಸಿರು ಬಣ್ಣ, ಮೇಲೆ ಸಣ್ಣ ರೋಮ, ನರಗಳೆಲ್ಲ ಎದ್ದು ಕಾಣುವಂತೆ ಸುಕ್ಕು. ಅಡುಗೆಗೆ ಬಳಸುವ ಸೇಜ್ ಎಲೆಯ ನೆನಪು ಬರುತ್ತದೆ. ಕ್ರಿಸ್ಟಿಯವರ ಇನ್ನೊಬ್ಬ ಪತ್ತೇದಾರಿಣಿ, ಹಳ್ಳಿಯ ಅಜ್ಜಿ ಮಿಸ್ ಮಾರ್ಪಲ್‌ಳ ಒಂದು ಸಣ್ಣ ಕಥೆ ಶುರುವಾಗುವುದೇ ಅಲ್ಲಿಂದ. ಬಾತುಕೋಳಿಗೆ ತುಂಬುವ ಸೇಜ್ ಸೊಪ್ಪಿನ ಜೊತೆ ಫಾಕ್ಸ್‌ಗ್ಲೋವ್ ಎಲೆಯೂ ಸೇರಿ ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಾರೆ, ಒಬ್ಬಳು ಸಾಯುತ್ತಾಳೆ. ಎಲೆ ಬೆರೆತದ್ದು ಗೊತ್ತಿಲ್ಲದೆಯೋ ಬೇಕೆಂದೋ ಎಂಬುದು ಪ್ರಶ್ನೆ. ಉತ್ತರ ನಾನು ಹೇಳುವುದಿಲ್ಲ. ಇದೇ ಗಿಡದಿಂದ ತೆಗೆದ ಡಿಜಿಟಾಲಿಸ್ ಹೃದ್ರೋಗಕ್ಕೆ ಮದ್ದು ಕೂಡ. ವಿಷ ಆಗುವುದೂ ಮದ್ದು ಆಗುವುದೂ ಪ್ರಮಾಣದ ಲೆಕ್ಕ.

ದಕ್ಷಿಣ ಕನ್ನಡದವರಿಗೆ ಈ ಗೊಂದಲ ಹೊಸದಲ್ಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಕತ್ತಲಲ್ಲಿ ಕಷಾಯಕ್ಕೆಂದು ಹಾಲೆ ಮರದ ತೊಗಟೆ ತರಲು ಹೋಗುವವರಿಗೆ ಮರ ತಪ್ಪದಂತೆ ಹಿರಿಯರು ಎಚ್ಚರಿಸುತ್ತಾರೆ, ಯಾಕೆಂದರೆ ತಪ್ಪಿ ಕಾಸರಕನ ಮರಕ್ಕೆ ಕೈ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಆ ಕಾಸರಕನ ಬೀಜದಿಂದ ಬರುವುದೇ ಸ್ಟ್ರಿಕ್ನಿನ್. ಕ್ರಿಸ್ಟಿಯವರ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಕೊಲೆಯಾಗುವುದು ಅದರಿಂದ. ಹರಳಿನ ಬೀಜದ ರೈಸಿನ್ ಕೂಡ ಅವರ ಒಂದು ಕಥೆಯಲ್ಲಿದೆ. ನಮ್ಮ ಹಿತ್ತಲಿನ ಗಿಡಗಳು ಡೆವನ್‌ನ ಡ್ರಾಯಿಂಗ್ ರೂಮಿನವರೆಗೆ ಹೋಗಿವೆ.

ಮಕ್ಕಳನ್ನು ಕರೆದೊಯ್ದರೆ ಕೈ ಹಿಡಿದುಕೊಂಡೇ ನಡೆಯಿರಿ. ಎಲೆ ಕಿತ್ತು ಮೂಸಿ ನೋಡುವ ಅಭ್ಯಾಸ ನಮ್ಮಲ್ಲಿ ದೊಡ್ಡವರಿಗೂ ಇದೆ, ಅದನ್ನು ಇಲ್ಲಿ ಅದುಮಿಟ್ಟುಕೊಳ್ಳಿ.

ಔಷಧದ ಕೋಣೆಯ ಕಥೆ

ನಡಿಗೆ ಮುಂದುವರಿಸುವ ಮುನ್ನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಊರು ಬೇರೆಯಾಗಿ ಕಾಣುತ್ತದೆ. 1914ರಲ್ಲಿ ಯುದ್ಧ ಶುರುವಾದಾಗ ಟಾರ್ಕಿಯ ಟೌನ್ ಹಾಲ್ ಅನ್ನು ರೆಡ್‌ಕ್ರಾಸ್ ಆಸ್ಪತ್ರೆ ಮಾಡಿದರು. ಇಪ್ಪತ್ತನಾಲ್ಕರ ಅಗಾಥಾ ಅಲ್ಲಿ ಸ್ವಯಂಸೇವಕ ನರ್ಸ್ ಆಗಿ ಸೇರಿದರು. ಆಮೇಲೆ ಔಷಧ ತಯಾರಿಸಿ ಕೊಡುವ ವಿಭಾಗಕ್ಕೆ ಹೋದರು, 1917ರಲ್ಲಿ ಅದರ ಪರೀಕ್ಷೆಯನ್ನೂ ಪಾಸು ಮಾಡಿದರು. ಅಲ್ಲಿ ಕೆಲಸ ಕೆಲವೊಮ್ಮೆ ಮೈಮುರಿಯುವಷ್ಟು, ಕೆಲವೊಮ್ಮೆ ಸುಮ್ಮನೆ ಕೂರುವಷ್ಟು. ಸುತ್ತ ಕಪಾಟಿನ ತುಂಬ ವಿಷದ ಬಾಟಲಿ. ಪತ್ತೇದಾರಿ ಕಥೆ ಬರೆಯುವ ಯೋಚನೆ ಬಂದದ್ದು ಹಾಗೆ.

ಪರೀಕ್ಷೆಗೆ ತರಬೇತಿ ಪಡೆಯಲು ಊರಿನ ಔಷಧದಂಗಡಿಯವನೊಬ್ಬನ ಬಳಿ ಹೋಗುತ್ತಿದ್ದರು. ಆತ್ಮಕಥೆಯಲ್ಲಿ ಅವನ ಬಗ್ಗೆ ಎರಡು ಪ್ರಸಂಗಗಳಿವೆ. ಒಮ್ಮೆ ಆತ ದಶಮಾಂಶದ ಚುಕ್ಕಿ ತಪ್ಪಿಟ್ಟು ಒಂದು ಔಷಧವನ್ನು ಹತ್ತು ಪಟ್ಟು ಹೆಚ್ಚು ಪ್ರಮಾಣದಲ್ಲಿ ಕಲಸಿಬಿಟ್ಟ. ಕಲಿಯಲು ಬಂದ ಹುಡುಗಿ ದೊಡ್ಡ ಮನುಷ್ಯನಿಗೆ ತಪ್ಪು ಎನ್ನುವುದು ಹೇಗೆ? ಎಡವಿದಂತೆ ನಟಿಸಿ ಇಡೀ ತಟ್ಟೆ ಕೆಳಗೆ ಬೀಳಿಸಿ, ಮೇಲೆ ಕಾಲಿಟ್ಟು ತುಳಿದುಬಿಟ್ಟರು. ಇನ್ನೊಂದು ದಿನ ಅದೇ ಮನುಷ್ಯ ಜೇಬಿನಿಂದ ಗಾಢ ಬಣ್ಣದ ಒಂದು ಉಂಡೆ ತೆಗೆದು ತೋರಿಸಿದ. ಕ್ಯುರಾರೆ, ಬಾಣದ ತುದಿಗೆ ಹಚ್ಚುವ ವಿಷ. ಜೇಬಲ್ಲಿ ಅದಿದ್ದರೆ ತನಗೆ ಬಲ ಬಂದಂತೆ ಅನಿಸುತ್ತದೆ ಎಂದನಂತೆ. ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1961ರ ‘ದಿ ಪೇಲ್ ಹಾರ್ಸ್’ ಬರೆಯುವಾಗ ಆ ಮನುಷ್ಯ ನೆನಪಾಗಿ ಕಾದಂಬರಿಯೊಳಗೆ ಬಂದ. ಆ ಕಾದಂಬರಿಯ ವಿಷ ಥ್ಯಾಲಿಯಂ. 1977ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮಗುವೊಂದಕ್ಕೆ ಏನಾಗಿದೆ ಎಂದು ವೈದ್ಯರಿಗೆ ತಿಳಿಯದಿದ್ದಾಗ, ಈ ಪುಸ್ತಕ ಓದುತ್ತಿದ್ದ ನರ್ಸ್ ಒಬ್ಬರು ಲಕ್ಷಣ ಹೋಲಿಸಿ ಥ್ಯಾಲಿಯಂ ಇರಬಹುದು ಎಂದು ಹೇಳಿದರು. ಪರೀಕ್ಷಿಸಿದರೆ ಅದೇ ಆಗಿತ್ತು.

ಮೊದಲ ಕಾದಂಬರಿಗೆ ಬಂದ ವಿಮರ್ಶೆಗಳಲ್ಲಿ ಕ್ರಿಸ್ಟಿ ಹೆಚ್ಚು ಹಿಗ್ಗಿದ್ದು ಔಷಧ ತಜ್ಞರ ಪತ್ರಿಕೆ ‘ಫಾರ್ಮಸ್ಯುಟಿಕಲ್ ಜರ್ನಲ್’ ಮೆಚ್ಚಿದ್ದಕ್ಕೆ. ಟೌನ್ ಹಾಲ್ ಇಂದಿಗೂ ಕ್ಯಾಸಲ್ ಸರ್ಕಸ್ ಎಂಬಲ್ಲಿದೆ. ಬಂದರಿನಿಂದ ಯೂನಿಯನ್ ಸ್ಟ್ರೀಟ್ ಹಿಡಿದು ಮೇಲೆ ನಡೆದರೆ ಸಿಗುತ್ತದೆ. ಅವರು ಹುಟ್ಟಿದ ಮನೆ ಆಶ್‌ಫೀಲ್ಡ್ ಹುಡುಕಿಕೊಂಡು ಬಾರ್ಟನ್ ರೋಡಿನ ಏರು ಹತ್ತುವ ಶ್ರಮ ಬೇಡ. 1960ರ ದಶಕದಲ್ಲೇ ಕೆಡವಿ ಹಾಕಿದ್ದಾರೆ.

ಕಡಲ ದಂಡೆಯ ಮೈಲಿ

ಗ್ರ್ಯಾಂಡ್ ಹೋಟೆಲಿನಿಂದ ಇಂಪೀರಿಯಲ್ ಹೋಟೆಲಿನವರೆಗಿನ ದಂಡೆಯ ದಾರಿಗೆ ‘ಅಗಾಥಾ ಕ್ರಿಸ್ಟಿ ಮೈಲ್’ ಎಂದು ಹೆಸರು. ದಾರಿಯುದ್ದಕ್ಕೂ ಫಲಕಗಳಿವೆ. ಟಾರ್ ಆಬಿಯಿಂದ ಬಂದರಿನ ಕಡೆಗೆ ಹೊರಟರೆ ಕಡಲು ಬಲಕ್ಕೆ. ಬಿಸಿಲಿದ್ದರೂ ಗಾಳಿ ಮೈ ಕೊರೆಯುತ್ತದೆ, ತೆಳ್ಳನೆಯ ಜಾಕೆಟ್ ಕೈಯಲ್ಲಿರಲಿ. ಕೊಡೆಗಿಂತ ಟೋಪಿ ಇರುವ ಮಳೆಕೋಟು ವಾಸಿ. ಕೊಡೆ ಈ ಗಾಳಿಗೆ ಉಲ್ಟಾ ಆಗುತ್ತದೆ.

ಪ್ರಿನ್ಸೆಸ್ ಗಾರ್ಡನ್ಸ್ ಮತ್ತು ಪ್ರಿನ್ಸೆಸ್ ಪಿಯರ್ ಮೊದಲು ಬರುತ್ತವೆ. ಹುಡುಗಿ ಅಗಾಥಾ ಸ್ನೇಹಿತರ ಜೊತೆ ಪಿಯರ್ ಮೇಲೆ ರೋಲರ್ ಸ್ಕೇಟಿಂಗ್ ಮಾಡುತ್ತಿದ್ದಳು. ಪಕ್ಕದಲ್ಲೇ 1912ರ ಪೆವಿಲಿಯನ್, ಬಿಳಿ ಗೋಡೆ, ಹಸಿರು ಗುಮ್ಮಟ. 1913ರ ಜನವರಿ 4ರಂದು ಇಲ್ಲಿ ವಾಗ್ನರ್ ಸಂಗೀತ ಕಛೇರಿ ಕೇಳಿ ಬಂದ ರಾತ್ರಿ ಆರ್ಚಿ ಮದುವೆಯ ಮಾತೆತ್ತಿದ್ದು. ಮುಂದೆ ಕೇರಿ ಗ್ರೀನ್‌ನಲ್ಲಿ ಕ್ರಿಸ್ಟಿಯವರ ಕಂಚಿನ ತಲೆಪ್ರತಿಮೆ, ಜನ್ಮಶತಮಾನೋತ್ಸವದ 1990ರಲ್ಲಿ ಇಟ್ಟದ್ದು. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಇಲ್ಲೇ, ಸರತಿ ಇದ್ದರೆ ವಾಪಸು ಬರುವಾಗ ತೆಗೆದುಕೊಳ್ಳಿ.

ಬಂದರು ದಾಟಿ ಗುಡ್ಡದ ಬುಡಕ್ಕೆ ಬಂದರೆ ಬೀಕನ್ ಕೋವ್, ಆಗ ಹೆಂಗಸರಿಗೆಂದೇ ಮೀಸಲಿದ್ದ ಸ್ನಾನದ ಕೊಲ್ಲಿ. ಇಲ್ಲೊಮ್ಮೆ ಈಜುವಾಗ ಅಗಾಥಾ ಮುಳುಗಿ ಸಾಯುವುದರಲ್ಲಿದ್ದಳು. ಮೇಲಿನ ಯಾಟ್ ಕ್ಲಬ್ಬಿನಲ್ಲಿ ಅಪ್ಪ ಫ್ರೆಡರಿಕ್ ಮಿಲರ್ ದಿನದ ಬಹುಪಾಲು ಕಳೆಯುತ್ತಿದ್ದರು. ಆ ಕ್ಲಬ್ಬಿನ ಹಿರಿಯ ಸದಸ್ಯರು ದುರ್ಬೀನು ಹಿಡಿದು ಕೊಲ್ಲಿಯ ಕಡೆ ನೋಡುತ್ತಿದ್ದರು ಎಂದು ಮಗಳು ಆತ್ಮಕಥೆಯಲ್ಲಿ ಛೇಡಿಸಿದ್ದಾರೆ. ಇಲ್ಲಿಂದ ಇಂಪೀರಿಯಲ್‌ವರೆಗೆ ಏರು. ಹಿರಿಯರು ಬಂದರಿನ ಬೆಂಚಿನ ಮೇಲೆ ಕೂತಿರಲಿ, ‘ಪೆರಿಲ್ ಅಟ್ ಎಂಡ್ ಹೌಸ್’ ಓದಿದವರು ಮಾತ್ರ ಹತ್ತಿ ಬರಲಿ. ಮೇಲಿನಿಂದ ಇಡೀ ಕೊಲ್ಲಿ ಕಾಣುತ್ತದೆ.

ಹೊಟ್ಟೆಪಾಡು

ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ, ಕೇಳುವ ಬಾಯಿ ಇರಬೇಕು. ಚೀಸ್ ಮತ್ತು ಈರುಳ್ಳಿಯ ಪೇಸ್ಟಿ ಎಲ್ಲೆಡೆ ಸಿಗುತ್ತದೆ. ಚಿಪ್ಸ್ ಕೊಳ್ಳುವ ಮುನ್ನ ಯಾವ ಎಣ್ಣೆ ಎಂದು ಕೇಳಿ, ಕೆಲವು ಅಂಗಡಿಗಳು ದನದ ಕೊಬ್ಬಿನಲ್ಲಿ ಕರಿಯುತ್ತವೆ. ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತಾರೆಯೇ ಎಂದೂ ಕೇಳಬಹುದು. ದಂಡೆಯ ಮೇಲೆ ಕೂತು ತಿನ್ನುವಾಗ ಬೆನ್ನು ಗೋಡೆಗೆ ಆನಿಸಿ ಕೂರಿ. ಇಲ್ಲಿನ ಸೀಗಲ್ ಹಕ್ಕಿಗಳು ಹಿಂದಿನಿಂದ ಬಂದು ಕೈಯಿಂದಲೇ ಕಸಿಯುತ್ತವೆ, ಮಂತ್ರಾಲಯದ ಕೋತಿಗಳಿಗೆ ಏನೂ ಕಡಿಮೆಯಿಲ್ಲ.

ನಾಲ್ಕು ಗಂಟೆಗೆ ಕ್ರೀಮ್ ಟೀ ತಪ್ಪಿಸಬೇಡಿ. ಸ್ಕೋನ್, ಗಟ್ಟಿ ಕೆನೆ, ಜಾಮ್, ಒಂದು ಟೀಪಾಟ್ ತುಂಬ ಟೀ. ಡೆವನ್‌ನಲ್ಲಿ ಮೊದಲು ಕೆನೆ, ಅದರ ಮೇಲೆ ಜಾಮ್. ಪಕ್ಕದ ಕಾರ್ನ್‌ವಾಲ್‌ನವರು ಇದಕ್ಕೆ ಉಲ್ಟಾ, ಈ ವಿಷಯದಲ್ಲಿ ಎರಡೂ ಕಡೆಯವರು ತಮಾಷೆಯಾಗಿ ಜಗಳಾಡುತ್ತಲೇ ಇರುತ್ತಾರೆ. ಮೊಟ್ಟೆ ತಿನ್ನದವರು ಸ್ಕೋನ್‌ಗೆ ಮೊಟ್ಟೆ ಹಾಕಿದೆಯೇ, ಮೇಲೆ ಬಳಿದಿದೆಯೇ ಎಂದು ವಿಚಾರಿಸಿ.

ಸಭೆಯಲ್ಲಿ, ಮ್ಯೂಸಿಯಂನಲ್ಲಿ

ಮಧ್ಯಾಹ್ನಕ್ಕೆ ನಿಮ್ಮ ಒಂದು ಉಪನ್ಯಾಸ ಇಟ್ಟುಕೊಳ್ಳಿ. ಹತ್ತು ಹದಿನೈದು ನಿಮಿಷ ಮೊದಲೇ ಹೋಗಿ. ಸೀಟು ನಂಬರ್ ಇಲ್ಲದ ಸಭೆಗಳಲ್ಲಿ ಮುಂದಿನ ಸಾಲನ್ನು ಹಳೆಯ ಅಭಿಮಾನಿಗಳು ಹಿಡಿದಿರುತ್ತಾರೆ. ಅವರ ಹಿಂದೆಯೇ ಕೂರಿ, ಅವರ ಪಿಸುಮಾತು ಕೆಲವೊಮ್ಮೆ ವೇದಿಕೆಯ ಮಾತಿಗಿಂತ ಚೆನ್ನಾಗಿರುತ್ತದೆ. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಒಂದೇ ನಿಯಮ: ಕೊಲೆಗಾರ ಯಾರೆಂದು ಬಾಯಿಬಿಡಬಾರದು. ಲಂಡನ್‌ನಲ್ಲಿ 1952ರಿಂದ ನಡೆಯುತ್ತಿರುವ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಗೆ ಗುಟ್ಟು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಆ ಶಿಸ್ತು ಇಲ್ಲೂ ಇದೆ. ‘ಆ ಕಾದಂಬರಿಯ ಕೊನೆಯಲ್ಲಿ ಡಾಕ್ಟರೇ...’ ಎಂದು ಶುರು ಮಾಡಿದರೆ ನೂರು ಕಣ್ಣು ನಿಮ್ಮ ಮೇಲೆ ತಿರುಗುತ್ತವೆ.

ಬಾಬಾಕೂಂಬ್ ರಸ್ತೆಯ ಟಾರ್ಕಿ ಮ್ಯೂಸಿಯಂ ಬಂದರಿನಿಂದ ಹತ್ತು ನಿಮಿಷದ ದಾರಿ. ಇಲ್ಲಿ ಕ್ರಿಸ್ಟಿಗೆಂದೇ ಒಂದು ಗ್ಯಾಲರಿ. ಡೇವಿಡ್ ಸೂಷೆ 1989ರಿಂದ 2013ರವರೆಗೆ ಪೊಯ್ರೋ ಆಗಿ ನಟಿಸಿದ ಟೀವಿ ಸರಣಿಯ ಕೋಣೆಯ ಪೀಠೋಪಕರಣಗಳನ್ನೂ ಇಲ್ಲಿಟ್ಟಿದ್ದಾರೆ. ಎಲ್ಲವೂ ಕೋನ, ಸಾಲು, ಅಳತೆ. ಮೀಸೆಯ ಎರಡು ತುದಿ ಸಮ ಇಲ್ಲದಿದ್ದರೆ ನಿದ್ದೆ ಬಾರದ ಮನುಷ್ಯನ ಕೋಣೆ ಹೀಗೇ ಇರಬೇಕು ಅನಿಸುತ್ತದೆ. ಮೇಲೆ ಹೋದರೆ ಹತ್ತಿರದ ಕೆಂಟ್ಸ್ ಕ್ಯಾವರ್ನ್ ಗುಹೆಯಲ್ಲಿ 1927ರಲ್ಲಿ ಸಿಕ್ಕ ಆದಿಮಾನವನ ದವಡೆಯ ತುಂಡೂ ಇದೆ. ಮ್ಯೂಸಿಯಂ ಎಲ್ಲ ದಿನ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡು ಹೋಗಿ.

ಸಂಜೆಯ ಕೊಲೆ

ಮರ್ಡರ್ ಮಿಸ್ಟರಿ ಊಟ ಎಂಬುದು ಉತ್ಸವದಲ್ಲಿ ಇದ್ದರೂ ಇರಬಹುದು, ಊರಿನ ಹೋಟೆಲುಗಳವರೇ ನಡೆಸಿದರೂ ನಡೆಸಬಹುದು. ನಟರು ಅತಿಥಿಗಳ ನಡುವೆ ಓಡಾಡುತ್ತಾರೆ, ಸೂಪ್ ಮುಗಿಯುವ ಹೊತ್ತಿಗೆ ಒಬ್ಬರು ನೆಲಕ್ಕೊರಗುತ್ತಾರೆ, ಉಳಿದವರನ್ನು ಪ್ರತಿ ಟೇಬಲಿನವರು ವಿಚಾರಣೆ ಮಾಡಬಹುದು. ಕೊನೆಗೆ ಒಂದು ಹಾಳೆಯಲ್ಲಿ ಯಾರು, ಹೇಗೆ, ಯಾಕೆ ಎಂದು ಬರೆದು ಕೊಡಬೇಕು.

ಗೆಲ್ಲುವ ಆಸೆಯಿದ್ದರೆ ಹೀಗೆ ಮಾಡಿ. ಟೇಬಲಿನ ಒಬ್ಬರಿಗೆ ಬರೀ ಗಂಟೆ ಬರೆದುಕೊಳ್ಳುವ ಕೆಲಸ ಕೊಡಿ. ಎಷ್ಟು ಗಂಟೆಗೆ ಯಾರು ಎಲ್ಲಿದ್ದೆ ಎಂದರು, ಅಷ್ಟೇ. ಇನ್ನೊಬ್ಬರು ದುಡ್ಡಿನ ಜಾಡು ಹಿಡಿಯಲಿ: ಸತ್ತವರ ಉಯಿಲು, ಸಾಲ, ಜೀವವಿಮೆ. ಮೂರನೆಯವರು ಎಲ್ಲ ಶಂಕಿತರಿಗೂ ಒಂದೇ ಪ್ರಶ್ನೆ ಕೇಳಲಿ, ಉದಾಹರಣೆಗೆ ಸತ್ತವರ ಜೊತೆ ಕಡೆಯದಾಗಿ ಮಾತಾಡಿದ್ದು ಯಾವಾಗ ಎಂದು. ಬೇರೆ ಬೇರೆ ಪ್ರಶ್ನೆ ಕೇಳಿದರೆ ಉತ್ತರಗಳನ್ನು ತಾಳೆ ನೋಡಲು ಆಗುವುದಿಲ್ಲ. ಅಮ್ಮಂದಿರನ್ನು ಟೇಬಲಿನ ಮೂಲೆಗೆ ತಳ್ಳಬೇಡಿ. ಸಂಬಂಧಗಳ ಸಿಕ್ಕು ಬಿಡಿಸುವುದರಲ್ಲಿ ಅವರಷ್ಟು ಚುರುಕು ಬೇರೆ ಯಾರೂ ಇಲ್ಲ, ಮಿಸ್ ಮಾರ್ಪಲ್ ಮಾಡುವುದೂ ಅದನ್ನೇ ತಾನೇ?

ಒಂದು ವಿಷಯ ಮರೆಯಬೇಡಿ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಒಂದಕ್ಕಿಂತ ಹೆಚ್ಚು ಗುಪ್ತದಾರಿ ಇರಬಾರದು, ಪತ್ತೇದಾರನೇ ಕೊಲೆಗಾರನಾಗಬಾರದು, ಮುನ್ಸೂಚನೆ ಕೊಡದೆ ಅವಳಿಗಳನ್ನು ತರಬಾರದು ಇತ್ಯಾದಿ. ಮರುವರ್ಷ ಶುರುವಾದ ಡಿಟೆಕ್ಷನ್ ಕ್ಲಬ್ಬಿನ ಲೇಖಕರೂ ಓದುಗನಿಗೆ ಮೋಸವಾಗಬಾರದೆಂದು ಪ್ರತಿಜ್ಞೆ ಮಾಡುತ್ತಿದ್ದರು. ಕ್ರಿಸ್ಟಿ ಕೊನೆಗಾಲದಲ್ಲಿ ಬಹಳ ವರ್ಷ ಅದರ ಅಧ್ಯಕ್ಷೆ. ಊಟದ ಟೇಬಲಿನ ನಾಟಕ ಬರೆಯುವವರಿಗೆ ಈ ನಿಯಮಗಳ ಹಂಗಿಲ್ಲ. ಅವಳಿ ತಂಗಿಯೊಬ್ಬಳು ಐಸ್‌ಕ್ರೀಂ ಬರುವ ಹೊತ್ತಿಗೆ ಪ್ರತ್ಯಕ್ಷಳಾದರೆ ಜಗಳಕ್ಕೆ ಹೋಗಬೇಡಿ.

ವೇಷದ ಬಗ್ಗೆ ಚುಟುಕಾಗಿ: 1930ರ ದಶಕದ ಉಡುಪು ತೊಟ್ಟು ಬರುವವರು ಬಹಳ. ಬಾಡಿಗೆಗೆ ಗೌನು ತರುವುದಕ್ಕಿಂತ ಮೈಸೂರು ರೇಷ್ಮೆ ಸೀರೆ, ಒಂದೆಳೆ ಮುತ್ತಿನ ಸರ ಸಾಕು. ಆ ಕಾಲಕ್ಕೂ ಸರಿಹೊಂದುತ್ತದೆ, ಮೈಗೂ ಒಗ್ಗುತ್ತದೆ. ಕೆಳಗೆ ಮಾತ್ರ ನಡೆಯಲು ಬರುವ ಬೂಟು ಇರಲಿ.

ಇನ್ನೊಂದು ದಿನ ಇದ್ದರೆ ಗ್ರೀನ್‌ವೇ

ಒಂದೇ ದಿನ ಇದ್ದರೆ ಗ್ರೀನ್‌ವೇ ಬಿಟ್ಟುಬಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೆ ಊರನ್ನೂ ಅದನ್ನೂ ಒಟ್ಟಿಗೆ ಮಾಡಹೋದವರಿಗೆ ಎರಡೂ ಅರ್ಧಂಬರ್ಧ. ಎರಡು ದಿನ ಇದ್ದರೆ ಎರಡನೆಯದನ್ನು ಪೂರ್ತಿ ಇದಕ್ಕೇ ಕೊಡಿ.

ಡಾರ್ಟ್ ನದಿಯ ದಂಡೆಯ ಈ ಮನೆಯನ್ನು ಕ್ರಿಸ್ಟಿ 1938ರಲ್ಲಿ ಆರು ಸಾವಿರ ಪೌಂಡಿಗೆ ಕೊಂಡರು. ಬರೆಯಲಿಕ್ಕಲ್ಲ, ಬೇಸಿಗೆ ಕಳೆಯಲಿಕ್ಕೆ. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ನವರು ಇಲ್ಲಿ ಬಿಡಾರ ಹೂಡಿದ್ದರು. ಅವರಲ್ಲೊಬ್ಬ ಅಧಿಕಾರಿ ಗ್ರಂಥಾಲಯದ ಗೋಡೆಯ ಮೇಲಂಚಿನಲ್ಲಿ ತಮ್ಮ ಹಡಗಿನ ಯಾತ್ರೆಯನ್ನೆಲ್ಲ ಚಿತ್ರಪಟ್ಟಿಯಾಗಿ ಬರೆದ. ಯುದ್ಧ ಮುಗಿದಾಗ ಅಳಿಸಿಕೊಡುತ್ತೇವೆ ಎಂದರೂ ಕ್ರಿಸ್ಟಿ ಬೇಡವೆಂದರು, ಅದು ಇಂದಿಗೂ ಇದೆ. ಸೈನ್ಯದವರು ಕಟ್ಟಿಸಿ ಬಿಟ್ಟುಹೋದ ಹದಿನಾಲ್ಕು ಶೌಚಾಲಯಗಳನ್ನು ಕೀಳಿಸಲು ಮಾತ್ರ ಸರ್ಕಾರದ ಜೊತೆ ಗುದ್ದಾಡಬೇಕಾಯಿತಂತೆ. ಮನೆ ನೋಡಿ ಕೆಳಗೆ ನದಿಯ ದೋಣಿಮನೆಗೆ ಇಳಿಯಿರಿ. 1956ರ ‘ಡೆಡ್ ಮ್ಯಾನ್ಸ್ ಫಾಲಿ’ಯಲ್ಲಿ ಹುಡುಗಿಯ ಹೆಣ ಸಿಗುವುದು ಇಂಥದೇ ದೋಣಿಮನೆಯಲ್ಲಿ. ಇಳಿಯುವುದು ಸುಲಭ, ಹತ್ತುವಾಗ ನೀರಿನ ಬಾಟಲಿ ಬೇಕು.

ಹೋಗುವ ದಾರಿ ಬಲು ಸೊಗಸು. ಟಾರ್ಕಿಯಿಂದ ಪೇನ್ಟನ್‌ಗೆ ರೈಲು ಅಥವಾ 12ನೇ ನಂಬರ್ ಬಸ್ಸು. ಪೇನ್ಟನ್‌ನಿಂದ ಉಗಿಬಂಡಿ. ಅದು ಗ್ರೀನ್‌ವೇ ಹಾಲ್ಟ್‌ನಲ್ಲಿ ನಿಲ್ಲುತ್ತದೆಯೇ ಎಂದು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಹಾಲ್ಟ್‌ನಿಂದ ಮನೆಗೆ ಕಾಡಿನೊಳಗಿನ ಏರುದಾರಿ, ಸುಮಾರು ಅರ್ಧ ಗಂಟೆ. ನಡೆಯಲಾಗದವರು ಡಾರ್ಟ್‌ಮತ್‌ನಿಂದ ದೋಣಿಯಲ್ಲಿ ಬರಬಹುದು, ದೋಣಿಗಟ್ಟೆಯಿಂದ ಮೇಲಕ್ಕೂ ಸ್ವಲ್ಪ ಏರು ಇದ್ದೇ ಇದೆ. ಕಾರಿನವರು ಪಾರ್ಕಿಂಗ್ ಮುಂಗಡ ಕಾದಿರಿಸಿ.

ವಾಪಸು ಬರುವಾಗ ದೋಣಿಯಲ್ಲಿ ಡಾರ್ಟ್‌ಮತ್‌ಗೆ ಹೋಗಿ. ಅಲ್ಲಿ ರೈಲು ನಿಲ್ದಾಣವೆಂದೇ ಕಟ್ಟಿದ ಕಟ್ಟಡ ಒಂದಿದೆ, ಆದರೆ ಅಲ್ಲಿಗೆ ಯಾವತ್ತೂ ಹಳಿ ಬಂದೇ ಇಲ್ಲ. ಟಿಕೆಟ್ ಅಲ್ಲಿ ಕೊಟ್ಟು ಜನರನ್ನು ದೋಣಿಯಲ್ಲಿ ಎದುರು ದಡದ ಕಿಂಗ್ಸ್‌ವೇರ್‌ಗೆ ದಾಟಿಸುತ್ತಿದ್ದರು. ಈಗಲೂ ನೀವು ಹಾಗೆಯೇ ದಾಟಿ ಕಿಂಗ್ಸ್‌ವೇರ್‌ನಲ್ಲಿ ಉಗಿಬಂಡಿ ಹತ್ತಬೇಕು. ಆ ದಿನದ ಕೊನೆಯ ಬಂಡಿ ಎಷ್ಟು ಗಂಟೆಗೆ ಎಂದು ಪೇನ್ಟನ್‌ನಲ್ಲೇ ಬೆಳಿಗ್ಗೆ ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ. ಅದು ಸಂಜೆ ಬೇಗನೇ ಹೊರಡುತ್ತದೆ, ತಪ್ಪಿದರೆ ಬಸ್ಸೋ ಟ್ಯಾಕ್ಸಿಯೋ ಹುಡುಕಬೇಕು.